ಮೆಗಲನ್ ನಿಜವಾಗ್ಲೂ ಪ್ರಪಂಚ ಸುತ್ತಿದ್ನಾ?

ಕಡಲಹಕ್ಕಿ: ಮಗಳಿಗೆ ಜಿಕೆ ಓದಿಸ್ತಿದ್ದೆ, ಹಡಗಲ್ಲಿ ಭೂಮಿನ ಮೊದ್ಲು ಸುತ್ತಿದ್ದು ಮೆಗಲನ್ ಅಂತ ಗೈಡಲ್ಲಿದೆ, ಆದ್ರೆ ಅವ್ನು ಫಿಲಿಪೈನ್ಸ್‌ನಲ್ಲೇ ಸತ್ತ ಅಂತ ಎಲ್ಲೋ ಕೇಳಿದ್ದೆ. ಸತ್ತೋನು ಹೆಂಗೆ ಸುತ್ತಿ ಬಂದ? ಗೊತ್ತಿರೋರು ಹೇಳ್ರಪ್ಪಾ.

ಹಳೇನಕ್ಷೆ: ನಿಮ್ ಡೌಟ್ ಸರಿಯಾಗೇ ಇದೆ. 1519ರ ಸೆಪ್ಟೆಂಬರಲ್ಲಿ ಸ್ಪೇನಿಂದ 5 ಹಡಗು ಹೊರಟ್ವು, 1521ರ ಏಪ್ರಿಲ್ 27ಕ್ಕೆ ಫಿಲಿಪೈನ್ಸ್‌ನ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪುಲಾಪು ಕಡೆಯವ್ರ ಮೇಲೆ ಜಗಳಕ್ಕೆ ಹೋಗಿ ಮೆಗಲನ್ನೇ ಸತ್ತ, ಅದೂ ಯಾರದ್ದೋ ಊರ ಪಂಚಾಯ್ತಿಗೆ ತಲೆ ಹಾಕಿ. ಪೂರ್ತಿ ಸುತ್ತು ಮುಗಿಸಿ ಬಂದಿದ್ದು ವಿಕ್ಟೋರಿಯಾ ಒಂದೇ, 1522ರ ಸೆಪ್ಟೆಂಬರ್ 6ಕ್ಕೆ, ಬರೀ 18 ಜನ, ಕ್ಯಾಪ್ಟನ್ ಎಲ್ಕಾನೊ. ಇನ್ನೊಂದು ಹಡಗು ಮಧ್ಯದಲ್ಲೇ ಕೈಕೊಟ್ಟು ಸ್ಪೇನಿಗೆ ಓಡಿಬಂದಿತ್ತು, ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಉಪ್ಪುನೀರು: ಜೊತೆಲಿದ್ದ ಇಟಲಿಯ ಪಿಗಾಫೆಟ್ಟಾ ಬರೆದಿಟ್ಟಿದ್ದು ಓದಿದ್ರೆ ಹೊಟ್ಟೆ ತೊಳೆಸುತ್ತೆ ಸಾರ್. ಪೆಸಿಫಿಕ್‌ನಲ್ಲಿ 3 ತಿಂಗಳು 20 ದಿನ ತಾಜಾ ಊಟ ಇಲ್ಲ, ಬಿಸ್ಕತ್ತು ಹುಳ ಹಿಡಿದು ಪುಡಿಪುಡಿ, ಇಲಿ ಉಚ್ಚೆ ವಾಸನೆ ಬೇರೆ, ಕೊನೆಗೆ ಹಾಯಿಮರಕ್ಕೆ ಸುತ್ತಿದ್ದ ಎತ್ತಿನ ಚರ್ಮನ 4-5 ದಿನ ಸಮುದ್ರದಲ್ಲಿ ನೆನೆಹಾಕಿ ಕೆಂಡದ ಮೇಲೆ ಸುಟ್ಟು ತಿಂದ್ರಂತೆ. ಇಲಿಗೆ ಅರ್ಧ ಡುಕಾಟ್ (ಆಗಿನ ಚಿನ್ನದ ನಾಣ್ಯ) ರೇಟು, ಅದೂ ಸಿಗ್ತಿರ್ಲಿಲ್ಲ!

ಕಡಲಹಕ್ಕಿ: ಅಯ್ಯೋ ದೇವ್ರೇ. ಮಗಳು ಮಾತ್ರ ಇಲಿ ಕತೆ ಇನ್ನೊಂದ್ಸಲ ಹೇಳು ಅಂತಾಳೆ 😄

ಹಳೇನಕ್ಷೆ: ಹಂಗಾದ್ರೆ ಇದನ್ನೂ ಹೇಳಿ. ವಾಪಸ್ ಬರ್ತಾ ಆಫ್ರಿಕಾ ಪಕ್ಕದ ಕೇಪ್ ವರ್ಡೆ ದ್ವೀಪಗಳಲ್ಲಿ ದಡಕ್ಕೆ ಹೋದೋರು ಇವತ್ತು ಯಾವ ವಾರ ಅಂತ ಕೇಳಿದ್ರೆ ಅಲ್ಲಿನವ್ರು ಗುರುವಾರ ಅಂದ್ರಂತೆ, ಇವ್ರ ಲೆಕ್ಕದಲ್ಲಿ ಬುಧವಾರ. ಪಿಗಾಫೆಟ್ಟಾ ದಿನಾ ತಪ್ಪದೆ ಬರೆದಿದ್ದ, ತಪ್ಪು ಅವನದ್ದಲ್ಲ, ಪಶ್ಚಿಮಕ್ಕೇ ಸುತ್ತಿ ಸುತ್ತಿ ಒಂದು ದಿನ ಕಳ್ಕೊಂಡಿದ್ರು.