ಅಜ್ಜಿಯ ತೂತುಕಾಸು ಚೀನಾದ್ದೇ? ತೊಳೆದ ಮೇಲೆ ಕೆಂಪಾಗಿದೆ

ಪ್ರಶ್ನೆ (ತಾಂಬೂಲಪೆಟ್ಟಿಗೆ):
ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ ಈ ನಾಣ್ಯ ಸಿಕ್ಕಿತು. 1943ರ ತೂತುಕಾಸು ಎಂದೇ ಎಲ್ಲರೂ ಭಾವಿಸಿದ್ದೆವು. ಆದರೆ ತೂತು ಚೌಕ, ಸುತ್ತ ನಾಲ್ಕು ಚೀನೀ ಅಕ್ಷರ, ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಕ್ಕೆಯಂಥ ಬರಹ. ಅಗಲ 25 ಮಿ.ಮೀ., ತೂಕ 4 ಗ್ರಾಂ. ಮೊಬೈಲ್ ಆ್ಯಪ್ ಒಮ್ಮೆ ಸಾವಿರ ವರ್ಷ ಹಳೆಯದು ಎಂದಿತು, ಇನ್ನೊಮ್ಮೆ ಜಪಾನಿನದು ಎಂದಿತು. ಹುಣಸೆಹಣ್ಣಿನಲ್ಲಿ ತೊಳೆದ ಮೇಲೆ ಕೆಂಪಗಾಗಿದೆ. ವಾಯವ್ಯ ಚೀನಾದ ಷಿನ್‌ಜಿಯಾಂಗ್‌ನ ದುಬಾರಿ ತಾಮ್ರದ ‘ಕೆಂಪು ಕಾಸು’ ಇದೇ ಇರಬಹುದೇ?

ಉತ್ತರ (ಹಳೇನಾಣ್ಯ):
ಅಲ್ಲ. ಆ್ಯಪ್ ತಪ್ಪಿದ್ದು ನೀವು ನಾಣ್ಯವನ್ನು ಅಡ್ಡಲಾಗಿ ಹಿಡಿದಿದ್ದರಿಂದ ಇರಬೇಕು. ಮನೆಯ ಮಾಡಿನಂತೆ ಮೇಲೆ ಮುಚ್ಚಿದ, ಗೆರೆಗಳು ಕಿಕ್ಕಿರಿದ ಅಕ್ಷರವನ್ನು ಎಡಕ್ಕೆ ತನ್ನಿ. ಈಗ ಮೇಲೆ, ಕೆಳಗೆ, ಬಲ, ಎಡ ಎಂದು ಓದಿದರೆ ‘ಚಿಯಾನ್‌ಲಾಂಗ್ ತುಂಗ್‌ಬಾವ್’. ಅಂದರೆ 1736ರಿಂದ 1795ರವರೆಗಿನ ಚಿಯಾನ್‌ಲಾಂಗ್ ಚಕ್ರವರ್ತಿಯ ಚಲಾವಣೆಯ ನಾಣ್ಯ. ಹಿಂಬದಿಯ ಕೊಕ್ಕೆ ಮಂಚು ಲಿಪಿ. ಅದೊಂದೇ ಸಾಕು, ಇದು ಸಾವಿರ ವರ್ಷದ್ದಲ್ಲ, 1644ರಿಂದ ಚೀನಾವನ್ನು ಆಳಿದ ಮಂಚು ಜನರ ಚಿಂಗ್ ವಂಶದ್ದು ಎನ್ನಲು.

ಕೆಂಪಿನ ವಿಷಯ ಬೇಸರದ್ದು. ಇದು ಹಿತ್ತಾಳೆ. ಹುಳಿ ಮೇಲ್ಪದರದ ಸತುವನ್ನು ತಿಂದು ತಾಮ್ರವನ್ನಷ್ಟೇ ಬಿಟ್ಟಿದೆ. ನಿಜವಾದ ಕೆಂಪು ಕಾಸಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಕಡೆ ಮಂಚು, ಇನ್ನೊಂದು ಕಡೆ ಅರಬ್ಬಿ ಅಕ್ಷರಗಳಿರುತ್ತವೆ. ನಿಮ್ಮದರಲ್ಲಿ ಎರಡೂ ಮಂಚು.

ಬೆಲೆ? ಈ ನಾಣ್ಯಗಳನ್ನು ಲೆಕ್ಕವಿಲ್ಲದಷ್ಟು ಎರಕ ಹೊಯ್ದಿದ್ದರು. ಕೆಲವು ನೂರು ರೂಪಾಯಿ ಬಂದರೆ ಸಂತೋಷಪಡಿ. ತೊಳೆಯದೆ ಇದ್ದಿದ್ದರೆ ತುಸು ಹೆಚ್ಚು ಬರುತ್ತಿತ್ತು.

ಉತ್ತರ (ಚೌಕತೂತು):
ಫೆಂಗ್‌ಶುಯಿ ಅಂಗಡಿಗಳಲ್ಲಿ ಕೆಂಪು ದಾರದಲ್ಲಿ ಕಟ್ಟಿ ಮಾರುವ ಹೊಸ ಕಾಸುಗಳ ಮೇಲೂ ಇದೇ ಚಕ್ರವರ್ತಿಯ ಹೆಸರಿರುತ್ತದೆ. ಫೋಟೊದಲ್ಲಿ ಕಾಣುವ ಅಂಚಿನ ಸವೆತ ನಿಮ್ಮದರ ಪರವಾಗಿದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹುಣಸೆ ನನ್ನದೇ ಬುದ್ಧಿ, ಅಜ್ಜಿಯದಲ್ಲ. ಡಬ್ಬಿಯ ತಳದಲ್ಲಿ ಇನ್ನೊಂದು ಇದೆ. ಬಹಳ ದೊಡ್ಡದು, ಹಿಂಬದಿಯಲ್ಲಿ ತೂತಿನ ಕೆಳಗೆ ಕೂಡಿಸುವ ಚಿಹ್ನೆಯಂಥದ್ದು.

ಉತ್ತರ (ಹಳೇನಾಣ್ಯ):
ಆ ಚಿಹ್ನೆ ಚೀನೀ ಭಾಷೆಯ ‘ಹತ್ತು’. ಚಿಂಗ್ ವಂಶದ ಷಿಯಾನ್‌ಫೆಂಗ್ ಚಕ್ರವರ್ತಿಯ ಕಾಲದ (1851–61) ಹತ್ತು ಕಾಸಿನ ನಾಣ್ಯ ಇರಬಹುದು. ಆಗ ಚಿಂಗ್ ಆಳ್ವಿಕೆಯ ವಿರುದ್ಧ ಎದ್ದ ತೈಪಿಂಗ್ ದಂಗೆಯಿಂದ ನೈಋತ್ಯದ ಯುನ್ನಾನ್ ಪ್ರಾಂತ್ಯದ ತಾಮ್ರ ಬೀಜಿಂಗ್ ತಲುಪದೆ ಇಂಥ ದೊಡ್ಡ ಮುಖಬೆಲೆಗಳನ್ನು ಹೊಯ್ದರು. ನಕಲಿಗಳೂ ಇದರಲ್ಲೇ ಹೆಚ್ಚು. ಹುಣಸೆಹಣ್ಣನ್ನು ಅಡುಗೆಮನೆಯಲ್ಲೇ ಬಿಟ್ಟು, ಎರಡೂ ಬದಿಯ ಫೋಟೊ ಮತ್ತು ತೂಕ ಹಾಕಿ.