ಸಿಟಿ ಸ್ಕ್ಯಾನ್ ಓದಿದ ಡಾಕ್ಟರ್ ನಮ್ಮ ಇನ್ಶೂರೆನ್ಸ್‌ನಲ್ಲಿ ಇಲ್ಲವಂತೆ, ಬಿಲ್ ಕಟ್ಟಲೇಬೇಕಾ?

ಸುಮಾ_ಡಲ್ಲಾಸ್:

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಹತ್ತಿರ ಇದ್ದೇವೆ, ಅಮೆರಿಕಕ್ಕೆ ಬಂದು ಮೂರು ವರ್ಷ ಆಯಿತು. ಹೋದ ತಿಂಗಳು ಒಂದು ರಾತ್ರಿ ನಮ್ಮ ಯಜಮಾನರಿಗೆ ಬಲಗಡೆ ಹೊಟ್ಟೆನೋವು ಶುರುವಾಗಿ ಎದ್ದು ನಿಲ್ಲೋಕೂ ಆಗಲಿಲ್ಲ. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಅಷ್ಟು ಗಾಬರಿಯಲ್ಲೂ ಆ ಆಸ್ಪತ್ರೆ ನಮ್ಮ ನೆಟ್‌ವರ್ಕ್‌ನಲ್ಲಿ, ಅಂದರೆ ನಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವವರ ಪಟ್ಟಿಯಲ್ಲಿ, ಇದೆಯಾ ಅಂತ ಫೋನಿನಲ್ಲಿ ನೋಡಿಕೊಂಡೇ ಹೊರಟಿದ್ದು, ಇತ್ತು. ಸಿಟಿ ಸ್ಕ್ಯಾನ್ ಮಾಡಿ ಅಪೆಂಡಿಕ್ಸ್ ಅಲ್ಲ, ಕಿಡ್ನಿ ಕಲ್ಲು ಅಂದರು.

ಆಸ್ಪತ್ರೆಯ ಬಿಲ್ ಬಂತು, ನಮ್ಮ ಪಾಲು ಕಟ್ಟಿದೆವು. ಈಗ ಹೆಸರೇ ಕೇಳದ ಒಂದು ರೇಡಿಯಾಲಜಿ ಗ್ರೂಪ್‌ನಿಂದ 386 ಡಾಲರ್ ಬಿಲ್ ಬಂದಿದೆ. ಔಟ್ ಆಫ್ ನೆಟ್‌ವರ್ಕ್ ಅಂತೆ. ಆ ಡಾಕ್ಟರನ್ನು ನಾವು ಕಣ್ಣಿಂದ ನೋಡಿಲ್ಲ, ಆರಿಸಿಕೊಂಡೂ ಇಲ್ಲ. ರಿಪೋರ್ಟಿನ ಕೊನೆಯಲ್ಲಿ ಹೆಸರು ಇದೆ ಅಷ್ಟೇ. ದುಡ್ಡಿಗಿಂತ ಜಾಸ್ತಿ ನನಗೆ ಕಾಡುತ್ತಿರುವುದು ಬೇರೆ: ಅವರು ಯಾರು, ಏನು ಓದಿದ್ದಾರೆ, ನಡುರಾತ್ರಿ ಎಲ್ಲಿ ಕೂತು ನೋಡಿದರು? ಇದನ್ನೆಲ್ಲ ತಿಳಿದುಕೊಳ್ಳೋದು ಹೇಗೆ? ಮತ್ತೆ ಈ ಬಿಲ್ ಕಟ್ಟಬೇಕಾ?

ಬಿಲ್ಲಿಂಗ್_ಗೀತಾ:

ಸುಮಾ, ಮೊದಲನೇ ಮಾತು, ಈಗಲೇ ಕಟ್ಟಬೇಡಿ. ನಾನು ಹನ್ನೊಂದು ವರ್ಷದಿಂದ ಮೆಡಿಕಲ್ ಬಿಲ್ಲಿಂಗ್ ಕೆಲಸದಲ್ಲಿದ್ದೇನೆ. ಈ ಕವರ್ ನೋಡಿ ಹೆದರಿ ಕಾರ್ಡ್ ಉಜ್ಜಿಬಿಟ್ಟವರು ಎಷ್ಟೋ ಜನ.

ಇಲ್ಲಿ ಒಂದು ಸ್ಕ್ಯಾನ್‌ಗೆ ಎರಡು ಚಾರ್ಜ್ ಇರುತ್ತದೆ. ಮೆಷಿನ್, ಟೆಕ್ನಿಷಿಯನ್, ಕೋಣೆ, ಇದಕ್ಕೆ ಆಸ್ಪತ್ರೆಯ ಬಿಲ್. ಚಿತ್ರ ಓದಿ ರಿಪೋರ್ಟ್ ಬರೆದಿದ್ದಕ್ಕೆ ರೇಡಿಯಾಲಜಿಸ್ಟ್ ಬಿಲ್. ನಿಮ್ಮ ಬಿಲ್‌ನಲ್ಲಿ ಕೋಡ್ ಪಕ್ಕ 26 ಅಂತ ಇದ್ದರೆ ಅದು ಈ ಓದಿದ ಕೆಲಸಕ್ಕೆ. ತುಂಬಾ ಕಡೆ ರೇಡಿಯಾಲಜಿಸ್ಟ್‌ಗಳು ಆಸ್ಪತ್ರೆಯ ನೌಕರರಲ್ಲ, ಬೇರೆ ಗ್ರೂಪ್‌ನವರು, ಆ ಗ್ರೂಪ್ ಇನ್ಶೂರೆನ್ಸ್ ಕಂಪನಿಯ ಜೊತೆ ತನ್ನದೇ ಒಪ್ಪಂದ ಮಾಡಿಕೊಂಡಿರುತ್ತದೆ ಅಥವಾ ಮಾಡಿಕೊಂಡಿರುವುದಿಲ್ಲ, ಹಾಗಾಗಿ ಆಸ್ಪತ್ರೆ ನೆಟ್‌ವರ್ಕ್ ಒಳಗಿದ್ದರೂ ಅವರು ಹೊರಗಿರಬಹುದು.

ಆದರೆ 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಆಕ್ಟ್ ಅಂತ ಕೇಂದ್ರದ ಕಾನೂನು ಇದೆ. ಎಮರ್ಜೆನ್ಸಿ ಚಿಕಿತ್ಸೆಗೆ, ಮತ್ತೆ ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಮಾಡಿಸಿಕೊಂಡ ಸ್ಕ್ಯಾನ್‌ಗೆ, ಹೊರಗಿನ ಡಾಕ್ಟರ್ ಬಂದರೂ ನಿಮ್ಮಿಂದ ನೆಟ್‌ವರ್ಕ್ ಲೆಕ್ಕದ ಪಾಲು ಮಾತ್ರ ತೆಗೆದುಕೊಳ್ಳಬೇಕು. ಮಿಕ್ಕಿದ್ದನ್ನು ಅವರೂ ಇನ್ಶೂರೆನ್ಸೂ ಬಗೆಹರಿಸಿಕೊಳ್ಳಲಿ. ರೇಡಿಯಾಲಜಿಗೆ ಅಂತೂ ನಿಮ್ಮಿಂದ ಒಪ್ಪಿಗೆ ಸಹಿ ಹಾಕಿಸಿಕೊಂಡು ಈ ರಕ್ಷಣೆ ತೆಗೆಯೋಕೂ ಆಗುವುದಿಲ್ಲ. ಟೆಕ್ಸಸ್‌ನಲ್ಲಿ 2020ರಿಂದಲೇ ರಾಜ್ಯದ ಕಾನೂನು ಇತ್ತು, ಆದರೆ ಕಂಪನಿಯೇ ದುಡ್ಡು ಹಾಕಿ ನಡೆಸುವ ಪ್ಲಾನ್‌ಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಕೇಂದ್ರದ ಕಾನೂನು ಅವಕ್ಕೂ ಅನ್ವಯಿಸುತ್ತದೆ.

ನಿಮ್ಮ ಇನ್ಶೂರೆನ್ಸ್‌ನವರ ವೆಬ್‌ಸೈಟಿನಲ್ಲಿ ಇಒಬಿ (ಯಾರು ಎಷ್ಟು ಕಟ್ಟಬೇಕು ಅಂತ ಅವರು ಕೊಡುವ ಲೆಕ್ಕದ ಪತ್ರ) ತೆಗೆದು ನೋಡಿ. ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಇದೆಯೋ ಅಷ್ಟೇ ನಿಮ್ಮ ಸಾಲ. ಬಿಲ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಗ್ರೂಪ್‌ಗೆ ಫೋನ್ ಮಾಡಿ, ಕಾನೂನಿನ ಹೆಸರು ಹೇಳಿ, ಮಾತಾಡಿದವರ ಹೆಸರು ತಾರೀಖು ಬರೆದಿಟ್ಟುಕೊಳ್ಳಿ. ಒಪ್ಪದಿದ್ದರೆ ಸರ್ಕಾರದ ಸಹಾಯವಾಣಿ 1-800-985-3059ಕ್ಕೆ ದೂರು ಕೊಡಿ.

ಡಾ_ಕತ್ತಲೆಕೋಣೆ:

ನಾನೇ ರೇಡಿಯಾಲಜಿಸ್ಟ್. ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ ಇಲ್ಲಿಗೆ ಬಂದವನು. ಬಿಲ್ ಬಗ್ಗೆ ಗೀತಾ ಮೇಡಂ ಹೇಳಿದ್ದು ಸರಿ. ಓದಿದವರು ಯಾರು ಅನ್ನೋ ನಿಮ್ಮ ಪ್ರಶ್ನೆ ನನಗೆ ಇಷ್ಟ ಆಯಿತು, ಯಾರೂ ಕೇಳುವುದಿಲ್ಲ.

ಇಲ್ಲಿ ಡಯಾಗ್ನೋಸ್ಟಿಕ್ ರೇಡಿಯಾಲಜಿಸ್ಟ್ ಆಗಲು ನಾಲ್ಕು ವರ್ಷದ ಮೆಡಿಕಲ್ ಸ್ಕೂಲ್, ಒಂದು ವರ್ಷ ರೋಗಿಗಳನ್ನು ನೋಡುವ ಇಂಟರ್ನ್‌ಶಿಪ್, ಆಮೇಲೆ ನಾಲ್ಕು ವರ್ಷ ರೆಸಿಡೆನ್ಸಿ. ಹೆಚ್ಚಿನವರು ಇನ್ನೊಂದು ವರ್ಷ ಫೆಲೋಶಿಪ್ ಮಾಡುತ್ತಾರೆ: ಮೆದುಳು, ಹೊಟ್ಟೆ, ಮೂಳೆ-ಕೀಲು, ಸ್ತನ, ಹೀಗೆ ಯಾವುದಾದರೂ ಒಂದು. ಊರಲ್ಲಿ ಮೂರು ವರ್ಷದ ಎಂಡಿ ಮುಗಿಸಿ ಬಂದರೂ ಅದೊಂದರ ಮೇಲೆ ಇಲ್ಲಿನ ಬೋರ್ಡ್ ಸರ್ಟಿಫಿಕೇಟ್ ಸಿಗುವುದಿಲ್ಲ. ಅಂಥವರಿಗೆ ಒಂದೇ ಸಂಸ್ಥೆಯಲ್ಲಿ ನಾಲ್ಕು ವರ್ಷ ತರಬೇತಿ ಪಡೆಯುವ ಬೇರೆ ದಾರಿ ಇದೆ, ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ.

ಹುಡುಕೋದು ಹೀಗೆ. ಎನ್‌ಪಿಐ ರಿಜಿಸ್ಟ್ರಿಯಲ್ಲಿ (ಇಲ್ಲಿನ ಡಾಕ್ಟರುಗಳ ಸರ್ಕಾರಿ ಪಟ್ಟಿ) ಹೆಸರು ಹಾಕಿದರೆ ಹತ್ತು ಅಂಕಿಯ ನಂಬರು, ವಿಳಾಸ, ವಿಭಾಗ ಬರುತ್ತದೆ. ಆದರೆ ಅಲ್ಲಿ ವಿಭಾಗ ಡಾಕ್ಟರೇ ತುಂಬುವುದು, ಅದನ್ನೇ ಅರ್ಹತೆಗೆ ಸಾಕ್ಷಿ ಅಂದುಕೊಳ್ಳಬೇಡಿ. ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿ ವೆಬ್‌ಸೈಟಿನಲ್ಲಿ ಸರ್ಟಿಫಿಕೇಟ್ ಇದೆಯಾ ನೋಡಿ. ಟೆಕ್ಸಸ್ ಮೆಡಿಕಲ್ ಬೋರ್ಡ್‌ನಲ್ಲಿ ಲೈಸೆನ್ಸ್ ನೋಡಿ, ಅವರ ಮೇಲೆ ಕ್ರಮ ಏನಾದರೂ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ರಾತ್ರಿ ಹೊತ್ತು ಓದುವವರು ಬೇರೆ ರಾಜ್ಯದಲ್ಲಿ ಕೂತಿರಬಹುದು, ಆದರೂ ರೋಗಿ ಇರುವ ರಾಜ್ಯದ ಲೈಸೆನ್ಸ್ ಬೇಕು. ಅದಕ್ಕೇ ನಮ್ಮಲ್ಲಿ ಕೆಲವರ ಹತ್ತಿರ ಹತ್ತಾರು ರಾಜ್ಯಗಳ ಲೈಸೆನ್ಸ್ ಇರುತ್ತದೆ.

ಇನ್ನೊಂದು. ಡಾಕ್ಟರುಗಳ ಪ್ರೊಫೈಲ್ ಹಾಕುವ ವೆಬ್‌ಸೈಟುಗಳಲ್ಲಿ ಯಾವ ಯಾವ ಇನ್ಶೂರೆನ್ಸ್ ತೆಗೆದುಕೊಳ್ಳುತ್ತಾರೆ ಅಂತ ಪಟ್ಟಿ ಇರುತ್ತದಲ್ಲ, ನಮ್ಮ ವಿಷಯದಲ್ಲಿ ಅದನ್ನು ನಂಬಬೇಡಿ. ಒಪ್ಪಂದ ನನ್ನ ಹೆಸರಿಗಲ್ಲ, ಗ್ರೂಪ್‌ನ ಟ್ಯಾಕ್ಸ್ ಐಡಿಗೆ, ಅಂದರೆ ಗ್ರೂಪ್‌ನ ತೆರಿಗೆ ನಂಬರಿಗೆ. ನಾನು ಒಂದು ಆಸ್ಪತ್ರೆಗೆ ಓದುವಾಗ ನೆಟ್‌ವರ್ಕ್ ಒಳಗೆ, ಅದೇ ದಿನ ಇನ್ನೊಂದಕ್ಕೆ ಓದುವಾಗ ಹೊರಗೆ ಇರಬಹುದು.

ರಮೇಶ_ನ್ಯೂಜೆರ್ಸಿ:

ಒಂದು ಎಚ್ಚರಿಕೆ ಸೇರಿಸುತ್ತೇನೆ, ನಾನು ಅನುಭವಿಸಿದ್ದು. ಆ ಕಾನೂನು ಎಲ್ಲಾ ಕಡೆಗೂ ಬರುವುದಿಲ್ಲ. ಎಮರ್ಜೆನ್ಸಿ ಅಲ್ಲದ ಸ್ಕ್ಯಾನ್ ಆದರೆ ಆಸ್ಪತ್ರೆ, ಅದರ ಹೊರರೋಗಿ ವಿಭಾಗ, ಸರ್ಜರಿ ಸೆಂಟರ್ ಇಷ್ಟಕ್ಕೇ. ನಾನು ಮಂಡಿಯ ಎಂಆರ್‌ಐಗೆ ಅಗ್ಗ ಅಂತ ಆಸ್ಪತ್ರೆಗೆ ಸೇರದ ಒಂದು ಇಮೇಜಿಂಗ್ ಸೆಂಟರ್‌ಗೆ ಹೋದೆ. ಸೆಂಟರ್ ನೆಟ್‌ವರ್ಕ್‌ನಲ್ಲಿತ್ತು, ಓದಿದವರು ಇರಲಿಲ್ಲ, ಪೂರ್ತಿ ನನ್ನ ತಲೆಗೇ ಬಂತು. ಈಗ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಯಾವ ಗ್ರೂಪ್ ಓದುತ್ತದೆ, ಟ್ಯಾಕ್ಸ್ ಐಡಿ ಏನು ಅಂತ ಕೇಳಿ, ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಆಮೇಲೆ ಹೋಗುತ್ತೇನೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಮಾಡಿಸುವ ವಿಸಿಟರ್ ಇನ್ಶೂರೆನ್ಸ್‌ಗೂ ಈ ರಕ್ಷಣೆ ಇದೆ ಅಂದುಕೊಳ್ಳಬೇಡಿ.

ಸುಮಾ_ಡಲ್ಲಾಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಒಬಿ ನೋಡಿದೆ, ನಮ್ಮ ಪಾಲು 41 ಡಾಲರ್ ಅಂತ ಇದೆ! ಗ್ರೂಪ್‌ಗೆ ಫೋನ್ ಮಾಡಿದೆ. ಮೊದಲು ಮಾತಾಡಿದವರು ಕಟ್ಟಲೇಬೇಕು ಅಂದರು. ಕಾನೂನಿನ ಹೆಸರು ಹೇಳಿ ಇಒಬಿ ಕಳಿಸುತ್ತೇನೆ ಅಂದ ಮೇಲೆ ಮೇಲಿನವರಿಗೆ ಕೊಟ್ಟರು, ಬಿಲ್ ತಡೆಹಿಡಿದಿದ್ದಾರೆ, ಸರಿಮಾಡಿ ಕಳಿಸುತ್ತಾರಂತೆ.

ಡಾಕ್ಟರ್ ಸಾರ್, ನೀವು ಹೇಳಿದ ಹಾಗೆ ಹುಡುಕಿದೆ. ಬೋರ್ಡ್ ಸರ್ಟಿಫಿಕೇಟ್ ಇದೆ, ಟೆಕ್ಸಸ್ ಲೈಸೆನ್ಸ್ ಇದೆ, ಹೊಟ್ಟೆಯ ಸ್ಕ್ಯಾನ್‌ಗಳಲ್ಲೇ ಫೆಲೋಶಿಪ್ ಮಾಡಿದ್ದಾರೆ. ನಮ್ಮ ಯಜಮಾನರಿಗೆ ತೋರಿಸಿದೆ, ಅವರಿಗೂ ಸಮಾಧಾನ ಆಯಿತು. ಮುಂದಿನ ವಾರ ಕಲ್ಲು ಹೋಗಿದೆಯಾ ಅಂತ ಅಲ್ಟ್ರಾಸೌಂಡ್ ಇದೆ. ರಮೇಶ್ ಅವರೇ, ಅದು ನಮ್ಮ ಮನೆ ಹತ್ತಿರದ ಇಮೇಜಿಂಗ್ ಸೆಂಟರ್, ಆಸ್ಪತ್ರೆಗೆ ಸೇರಿದ್ದಲ್ಲ. ನಾಳೆ ಬೆಳಗ್ಗೆನೇ ಫೋನ್ ಮಾಡಿ ಟ್ಯಾಕ್ಸ್ ಐಡಿ ಕೇಳುತ್ತೇನೆ.