ಗುಂಪಿನಲ್ಲಿ ಒಬ್ಬರೇ ಬರೆಯುತ್ತಾರೆ: ಸಂಶೋಧನೆ ಯಾವ ಕಡೆಯಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ತೆ ಮೇಡಂ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಐದೈದು ಮಕ್ಕಳಿಗೆ, ಎಲ್ಲರೂ ಒಟ್ಟಿಗೆ ಬರೆಯಬಹುದಾದ ಒಂದು ಗೂಗಲ್ ಡಾಕ್ ಕೊಟ್ಟು ಅಸೈನ್‌ಮೆಂಟ್ ಬರೆಸುತ್ತೇನೆ. ಬರೆಯುವವರು ಒಬ್ಬರೇ, ಮಿಕ್ಕವರದು ಬರೀ ಹೆಸರು. ಇದರ ಮೇಲೇ ಪಿಎಚ್‌ಡಿ ಮಾಡುವ ಆಸೆ. ಸಿಎಸ್‌ಸಿಡಬ್ಲ್ಯೂ, ಸಿಎಸ್‌ಸಿಎಲ್ ಅಂತ ಎರಡು ಸಂಶೋಧನಾ ಕ್ಷೇತ್ರ ಇವೆಯಂತೆ, ಎರಡೂ ಒಂದೇನಾ?

ಉತ್ತರ: ಒಂದೇ ಅಲ್ಲ, ಆದರೆ ಹತ್ತಿರದ ನೆಂಟರು. ಸಿಎಸ್‌ಸಿಡಬ್ಲ್ಯೂ (ಕಂಪ್ಯೂಟರ್ ಸಪೋರ್ಟೆಡ್ ಕೋಆಪರೇಟಿವ್ ವರ್ಕ್) ಕಡೆಯವರು ಕಂಪ್ಯೂಟರ್ ಇಟ್ಟುಕೊಂಡು ಜನ ಒಟ್ಟಿಗೆ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುತ್ತಾರೆ. 1984ರಲ್ಲಿ ಐರೀನ್ ಗ್ರೈಫ್ ಮತ್ತು ಪಾಲ್ ಕ್ಯಾಶ್‌ಮನ್ ಇಟ್ಟ ಹೆಸರು ಅದು. ಸಿಎಸ್‌ಸಿಎಲ್ (ಕಂಪ್ಯೂಟರ್ ಸಪೋರ್ಟೆಡ್ ಕೊಲ್ಯಾಬೊರೇಟಿವ್ ಲರ್ನಿಂಗ್) ಕಡೆಯವರು ಒಟ್ಟಿಗೆ ಹೇಗೆ ಕಲಿಯುತ್ತಾರೆ ಅಂತ ನೋಡುತ್ತಾರೆ. ಅವರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು 1995ರಲ್ಲಿ, ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿ.

ಕೆಲಸದ ಕಡೆಯವರ ಕಣ್ಣು ಎಂಥದ್ದು ಅಂತ ಒಂದು ಉದಾಹರಣೆ ಹೇಳುತ್ತೇನೆ. ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಅನ್ನುವ ಸಂಶೋಧಕರು ಲಂಡನ್‌ನ ಸುರಂಗ ರೈಲಿನ ಕಂಟ್ರೋಲ್ ರೂಮಿನಲ್ಲಿ ಕೂತು ನೋಡಿದರು. ಕಂಟ್ರೋಲರ್ ಫೋನಿನಲ್ಲಿ ಡ್ರೈವರ್ ಜೊತೆ ಮಾತಾಡುವಾಗ ಪಕ್ಕದವರ ಕಿವಿ ಅತ್ತಲೇ ಇರುತ್ತದೆ. ಯಾರೂ ಹೇಳದೇ ಇದ್ದರೂ ಅವರು ಪ್ರಯಾಣಿಕರಿಗೆ ಅನೌನ್ಸ್ ಮಾಡಲು ಶುರು ಮಾಡುತ್ತಾರೆ. ಈ ಕದ್ದು ಕೇಳುವ ಕೆಲಸ ಯಾವ ಮ್ಯಾನುಯಲ್‌ನಲ್ಲೂ ಇರಲಿಲ್ಲ! ನಿಮ್ಮ ಡಾಕ್‌ನಲ್ಲಿ ಅಂಥ ಪಕ್ಕದ ಕುರ್ಚಿಯೇ ಇಲ್ಲ, ಅಲ್ವಾ?

ನಮ್ಮಲ್ಲೂ ಇಂಥ ಕೆಲಸ ಆಗಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧಕರು 2006ರ ಹೊತ್ತಿಗೆ ಹಳ್ಳಿ ಶಾಲೆಗಳಲ್ಲಿ ನೋಡಿದ್ದೂ ನೀವು ಹೇಳಿದ್ದನ್ನೇ. ಒಂದು ಕಂಪ್ಯೂಟರ್ ಸುತ್ತ ಹಲವು ಮಕ್ಕಳು, ಮೌಸ್ ಒಬ್ಬರ ಕೈಯಲ್ಲಿ. ಅವರು ಪ್ರತಿ ಮಗುವಿಗೂ ಒಂದೊಂದು ಮೌಸ್ ಕೊಟ್ಟು, ಪರದೆ ಮೇಲೆ ಬೇರೆ ಬೇರೆ ಬಣ್ಣದ ಬಾಣ ಓಡಾಡುವಂತೆ ಮಾಡಿದರು. ಮೊದಲು ಒತ್ತಿದವರೇ ಗೆಲ್ಲುವ ಆಟವಾದರೆ ಮಕ್ಕಳು ಸುಮ್ನೆ ಸಿಕ್ಕಲ್ಲಿ ಒತ್ತುತ್ತಾರೆ. ಅದಕ್ಕೇ ಎಲ್ಲರೂ ಒಂದೇ ಉತ್ತರ ಒತ್ತಿದರೆ ಮಾತ್ರ ಮುಂದೆ ಹೋಗುವ ಆಟವನ್ನೂ ಮಾಡಿದರು.

ನಿಮ್ಮ ಚಿಂತೆ ಮಿಕ್ಕ ನಾಲ್ವರು ಕಲಿಯಲಿಲ್ಲ ಅನ್ನುವುದಾದರೆ ಸಿಎಸ್‌ಸಿಎಲ್ ಕಡೆ ಬನ್ನಿ. ನನಗಂತೂ ಅದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಡಾಕ್‌ನ ವರ್ಷನ್ ಹಿಸ್ಟರಿ, ಅಂದರೆ ಬದಲಾವಣೆಗಳ ದಾಖಲೆ ತೆಗೆದು, ಯಾರು ಎಷ್ಟು ಬರೆದರು ಅಂತ ಲೆಕ್ಕ ಹಾಕಿದರೆ ಸಾಕಾ ಮೇಡಂ?

ಉತ್ತರ: ಸಾಲದು. ಯಾರ ಅಕೌಂಟಿನಿಂದ ಟೈಪ್ ಆಯಿತು ಅನ್ನುವುದಷ್ಟೇ ಅದರಲ್ಲಿ ಕಾಣುತ್ತದೆ. ಒಬ್ಬಳು ಫೋನಿನಲ್ಲಿ ಹೇಳಿ ಇನ್ನೊಬ್ಬಳು ಟೈಪ್ ಮಾಡಿದ್ದರೆ? ಲ್ಯಾಪ್‌ಟಾಪ್ ಇದ್ದದ್ದೇ ಒಬ್ಬಳ ಮನೆಯಲ್ಲಾದರೆ? ಒಂದು ಗುಂಪನ್ನು ಒಪ್ಪಿಗೆ ಕೇಳಿ ಕೂರಿಸಿಕೊಳ್ಳಿ. ಹಿಸ್ಟರಿ ತೆರೆದಿಟ್ಟು, 'ಈ ಸಾಲು ಹೇಗೆ ಬಂತು?' ಅಂತ ಅವರಿಂದಲೇ ಹೇಳಿಸಿ. ಮಾರ್ಕ್ಸ್ ಕೊಟ್ಟ ಮೇಲೆ ಕೇಳಿ, ಮೊದಲೇ ಬೇಡ.